ಶಾಂತಿಗೆ ಸಂಕಲ್ಪ ಮಾಡಿದವರು ಯಾರು

ನಮ್ಮ ಸೈನ್ಯ ಶ್ರೀಲಂಕೆಗೆ ಹೋದ ವರ್ಷ ನಾವು ಹೈದರಾಬಾದಿನ ಕುಷಾಯಿಗೂಡದಲ್ಲಿದ್ದೆವು. ಪಕ್ಕದ ಮನೆಯ ರಾಯರು ಕಾರ್ಖಾನೆಯಲ್ಲಿ ಅಧಿಕಾರಿ, ನಮ್ಮ ಧಾರವಾಡದ ಕಡೆಯವರೇ. ದಿನಾ ಸಂಜೆ ನಮ್ಮ ವರಾಂಡಾದಲ್ಲಿ ಕುಳಿತು ಆ ಯುದ್ಧವನ್ನು ವಿವರಿಸುತ್ತಿದ್ದರು. ಯುದ್ಧ ಎಂದರೆ ಅವರಿಗೆ ಸಿಟ್ಟು, ಅದು ಶಾಂತಿಪಾಲನೆ. ತಮಿಳರಿಗೆ ನ್ಯಾಯ ಕೊಡಿಸುವುದು, ಬೇರೆ ದೇಶಗಳು ಅಲ್ಲಿ ಕಾಲೂರದಂತೆ ನೋಡಿಕೊಳ್ಳುವುದು, ಬಂಡುಕೋರರ ಬಂದೂಕು ಇಸಿದುಕೊಂಡು ದಸರೆಯೊಳಗೆ ವಾಪಸು ಬರುವುದು. ರಾಯರ ಚಹಾ ಆರುವ ಮೊದಲೇ ಇಡೀ ದ್ವೀಪ ತಣ್ಣಗಾಗುತ್ತಿತ್ತು.

ನನ್ನ ಸೋದರತ್ತೆಯ ಒಬ್ಬನೇ ಮಗ ಆ ಪಡೆಯಲ್ಲಿದ್ದ, ವೈರ್‌ಲೆಸ್ ಕೆಲಸಕ್ಕೆ. ಗಂಡ ತೀರಿಕೊಂಡ ಮೇಲೆ ಅತ್ತೆ ನಮ್ಮಲ್ಲೇ ಇದ್ದಳು. ಆಕೆಗೆ ಶಾಂತಿ ಎಂದರೆ ಗ್ರಹಶಾಂತಿ: ಹೋಮ, ದಾನ, ಊಟ.

"ರಾಯರ, ಶಾಂತಿ ಅಂದಮ್ಯಾಲೆ ಮನಿ ಯಜಮಾನ ಸಂಕಲ್ಪ ಮಾಡಬೇಕಲ್ಲ? ಅಲ್ಲೆ ಬಡದಾಡೋರು ಯಾರರೆ ಮಣಿ ಮ್ಯಾಲೆ ಕೂತಿದ್ರೇನು?"

"ಎರಡೂ ಸರ್ಕಾರದವರು ಸಹಿ ಹಾಕ್ಯಾರ್ರಿ, ಬಾಯಾರ."

"ಅಂದ್ರ ಭಟ್ಟರು ತಾವ ಬಂದು ತಾವ ಕೂತಾರ. ದಕ್ಷಿಣಿ ಭಾಳ ಕೇಳ್ತಾರ ನೋಡ್ರಿ."

ಎಲ್ಲರೂ ನಕ್ಕೆವು. ಈ ಮಾತನ್ನು ಆಕೆ ಮೊದಲೇ ಆಡಿದ್ದಳೋ, ನಮ್ಮ ಸೈನಿಕರು ಅದೇ ತಮಿಳು ಬಂಡುಕೋರರ ಮೇಲೆ ಯುದ್ಧಕ್ಕಿಳಿದ ಮೇಲೆ ಆಡಿದ್ದಳೋ, ಈಗ ಆಣೆಯಿಟ್ಟು ಹೇಳಲಾರೆ. ಮುಂದಾದದ್ದು ಗೊತ್ತಿರುವುದರಿಂದ ನಾನೇ ಅದನ್ನು ಹಿಂದಕ್ಕೆ ತಳ್ಳಿರಬಹುದು.

ರಾಯರ ಮಾತುಗಳು ಮಾತ್ರ ಕ್ರಮವಾಗಿ ನೆನಪಿವೆ. ಬಂದೂಕು ಸಿಗದಿದ್ದಾಗ "ಸ್ವಲ್ಪ ಬಿಗಿ ಮಾಡಬೇಕ್ರಿ" ಎಂದರು. ದಸರೆ ಹೋಗಿ ಮತ್ತೊಂದು ದಸರೆ ಬಂದಾಗ "ಶಾಂತಿಗೆ ಟೈಮ್ ಬೇಕ್ರಿ". ಕೊನೆಗೆ ಅಲ್ಲಿಯ ಸರ್ಕಾರವೇ ಹೊರಡಿ ಎಂದು ಹೇಳಿತು. ರಾಯರು "ಕೆಲಸ ಮುಗೀತ್ರಿ" ಎಂದರು. ಯಾವ ಕೆಲಸ ಎಂದು ಕೇಳುವಷ್ಟು ಅಸಭ್ಯರು ನಮ್ಮ ವರಾಂಡಾದಲ್ಲಿ ಇರಲಿಲ್ಲ. ಅತ್ತೆ ಅಷ್ಟರಲ್ಲಿ ಅಲ್ಲಿಗೆ ಬರುವುದನ್ನೇ ಬಿಟ್ಟಿದ್ದಳು. ರೇಡಿಯೊ ವಾರ್ತೆಯ ಹೊತ್ತಿಗೆ ಒಳಗೆ ಹೋಗಿ ನಳ ಬಿಟ್ಟುಕೊಂಡು ಪಾತ್ರೆ ತಿಕ್ಕುತ್ತಿದ್ದಳು.

ಮಗ ಬದುಕಿ ಬಂದ. ಎಡಗಿವಿ ಪೂರ್ತಿ ಹೋಗಿತ್ತು. ಅತ್ತೆ ನಮ್ಮ ಮನೆಯಲ್ಲಿ ನಿಜವಾದ ಶಾಂತಿಯನ್ನೇ ಇಟ್ಟುಕೊಂಡಳು, ರಾಯರನ್ನೂ ಕರೆದಳು. ಅವನು ಮಣೆಯ ಮೇಲೆ ಕುಳಿತು ಅಂಗೈಯಲ್ಲಿ ನೀರು ಹಿಡಿದ. ಸಂಕಲ್ಪದ ನಡುವೆ ಭಟ್ಟರು ತಡೆದರು.

"ಯಾವ ದೋಷಕ್ಕ ಶಾಂತಿ? ಅದನ್ನ ಹೇಳಬೇಕಾಗ್ತದ."

ಅತ್ತೆ ರಾಯರ ಕಡೆ ತಿರುಗಿದಳು. "ಇಷ್ಟು ವರ್ಷ ನೀವ ಹೇಳೀರಿ, ರಾಯರ. ಇವ ಯಾತಕ್ಕ ಹೋಗಿದ್ದ? ಹೇಳ್ರಿ, ಭಟ್ಟರು ಕಾಯ್ಲಿಕತ್ತಾರ."

ರಾಯರು ಶಲ್ಯ ಸರಿಪಡಿಸಿಕೊಂಡರು. ಮಗ ಬಲಗಿವಿಯನ್ನು ತಾಯಿಯ ಕಡೆ ತಿರುಗಿಸಿ, "ಏನಂತ ಅವ್ವಾ?" ಎಂದ.

"ಏನಿಲ್ಲಪ್ಪ. ನೀರು ಬಿಡು."

ಅವನು ನೀರು ಬಿಟ್ಟ. ರಾಯರು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕುಳಿತರು.