ಗಾಜಿನ ಜಾಡಿಯ ಪರವಾಗಿ

ಅಮೆರಿಕದ ಫ್ರೀಮಾಂಟಿನ ಅಪಾರ್ಟ್‌ಮೆಂಟಿನಲ್ಲಿ ನಾವು ಮೊದಲ ಸಲ ಬಿಯರು ಮಾಡಲು ಹೊರಟಾಗ ಜಗಳ ಹತ್ತಿದ್ದು, ಅದನ್ನು ಹುದುಗು ಬರಲು ಯಾವುದರಲ್ಲಿ ಇಡಬೇಕು ಎಂಬುದಕ್ಕೆ. ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ ಸಾಕು, ಕೈ ಹಾಕಿ ತೊಳೆಯಬಹುದು ಅಂದಳು ಉಡುಪಿಯವಳಾದ ನನ್ನ ರೂಮ್‌ಮೇಟು. ನಾನು ಕಾಲೇಜಿನಲ್ಲಿ ಡಿಬೇಟು ಮಾಡಿದವಳು, ಬಿಡ್ತೀನಾ?

"ಒಳಗೆ ಯೀಸ್ಟು ಕೆಲಸ ಮಾಡ್ತಿದೆ ಅನ್ನೋಕೆ ಸಾಕ್ಷಿ ಏನು? ಕಣ್ಣಿಗೆ ಕಾಣದ್ದನ್ನ ನಾನು ನಂಬಲ್ಲ. ಗಾಜಿನ ಜಾಡಿನೇ ಬೇಕು" ಅಂತ ವಾದಿಸಿ ಗೆದ್ದೆ.

ಜಾಡಿ ತುಂಬಿಸಿದ ಮೇಲೆ ಅವಳು ಕಿಟಕಿಯತ್ತ ಬೆರಳು ತೋರಿಸಿದಳು. "ಬಿಸಿಲು ಬಿದ್ರೆ ಬಿಯರು ನಾರ್ತದೆ ಮಾರಾಯ್ತಿ. ನಿನ್ನ ಸಾಕ್ಷಿಗೆ ಈಗ ಕಂಬಳಿ ಹೊದೆಸು."

ಕಂಬಳಿ ತಂದು ಹೊದೆಸಿದೆ. ಇನ್ನು ಯೀಸ್ಟೂ ಕೈಕೊಟ್ಟರೆ ಈ ಮನೆಯಲ್ಲಿ ನಾನು ಮತ್ತೆ ಬಾಯಿ ತೆಗೆಯುವ ಹಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಕಂಬಳಿಯೊಳಗೆ ತಲೆ ತೂರಿಸಿದೆ. ಸಂದಿಯಲ್ಲಿ ಬಂದಷ್ಟು ಬೆಳಕಿನಲ್ಲೇ ನೊರೆ ಉಕ್ಕುತ್ತಿತ್ತು, ಕಂದು ಚೂರುಗಳು ಲಾಗ ಹಾಕುತ್ತಿದ್ದವು! ನಾನು ಕಿರುಚಿದ್ದಕ್ಕೆ ಅವಳು ಬಾಯಲ್ಲಿ ಟೂತ್‌ಬ್ರಶ್ಶಿನೊಂದಿಗೇ ಓಡಿಬಂದು, ನನ್ನನ್ನು ತಳ್ಳಿ ಒಳಹೊಕ್ಕಳು.

"ಸಾಕು, ಈಚೆ ಬಾರೇ, ಬೆಳಕು ಬೀಳತ್ತೆ!" ಅಂದೆ.

"ಸ್ವಲ್ಪ ಸುಮ್ಮನಿರು ಮಾರಾಯ್ತಿ" ಅಂತ ಕಂಬಳಿಯೊಳಗಿಂದ ದನಿ ಬಂತು. "ನಿಂಗೆ ಇವತ್ತು ಆಫೀಸಿಲ್ವಾ?"