ಬಣ್ಣದ ಮೇಲೆ ಅಂಟಿಸಿದ ಕಲ್ಲು

ಪುತ್ತೂರಿನ ದರ್ಬೆಯ ಒಂದು ಮನೆಯ ಗೋಡೆಗೆ ನಾನು ಬಣ್ಣದ ಮೇಲೆಯೇ ಕಲ್ಲು ಅಂಟಿಸಿದ್ದೆ. ಅದನ್ನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

ನಮ್ಮಲ್ಲಿ ಮನೆ ಕಟ್ಟುವುದೇ ಕೆಂಪುಕಲ್ಲಿನಿಂದ. ಅದನ್ನು ಸಿಮೆಂಟಿನ ಸಾರಣೆ ಮಾಡಿ ಮುಚ್ಚಿ, ಬಣ್ಣ ಬಳಿದು, ಕೊನೆಗೆ ಚಂದಕ್ಕೆಂದು ಎದುರಿನ ಗೋಡೆಗೆ ಮತ್ತೆ ಕಲ್ಲು ಹಚ್ಚಿಸುವುದು ಈಗಿನ ರೂಢಿ. ಕೆಲವರಿಗೆ ಗ್ರಾನೈಟ್ ಬೇಕು. ಕೆಲವರಿಗೆ ಸಿಮೆಂಟನ್ನು ಅಚ್ಚಿಗೆ ಹಾಕಿ ಕಲ್ಲಿನಂತೆ ಮಾಡಿದ್ದು ಸಾಕು, ಅದು ಹಗುರ. ಕೆಂಪುಕಲ್ಲನ್ನೇ ಮೆಷಿನ್‌ನಲ್ಲಿ ತೆಳುವಾಗಿ ಕೊಯ್ದದ್ದೂ ಸಿಗುತ್ತದೆ, ಆದರೆ ಭಾರ. ಯಾವುದೇ ಆಗಲಿ, ಮೊದಲು ಬಣ್ಣ ಕೆತ್ತಿ ತೆಗೆದು ಗೋಡೆಯನ್ನು ಒರಟು ಮಾಡಬೇಕು. ಇಲ್ಲದಿದ್ದರೆ ಸಿಮೆಂಟು ಬಣ್ಣವನ್ನು ಹಿಡಿಯುತ್ತದೆ, ಗೋಡೆಯನ್ನಲ್ಲ.

ಆ ಮನೆಯ ಯಜಮಾನರು ಗಲ್ಫಿನಲ್ಲಿ ದುಡಿದವರು. ಬಣ್ಣದ ಕೆಲಸ ಮುಗಿದು, ಹೊಸಮನೆಯ ಒಕ್ಕಲಿಗೆ ನೆಂಟರನ್ನು ಕರೆದೂ ಆದ ಮೇಲೆ, ಎದುರಿನ ಎತ್ತರದ ಗೋಡೆಗೆ ಕೆಂಪುಕಲ್ಲು ಬೇಕೆಂದರು. ಕೆತ್ತಿದರೆ ಧೂಳೆದ್ದು ಮನೆಯೆಲ್ಲ ಹಾಳಾಗುತ್ತದೆ, ಉಳಿದ ದಿನಗಳೂ ಸಾಲವು. ನಾನು ಕೆತ್ತಲಿಲ್ಲ. ಒಕ್ಕಲಿಗೆ ಬಂದವರೆಲ್ಲ ಗೋಡೆಯನ್ನು ಹೊಗಳಿದರು.

ಆಮೇಲೆ ಯಜಮಾನರ ತಾಯಿ, ಉಮ್ಮ, ಮಧ್ಯಾಹ್ನವಾದರೆ ಆ ಗೋಡೆಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಅದನ್ನು ನೋಡಿದ ದಿನದಿಂದ ನಾನು ಆ ರಸ್ತೆಯಲ್ಲಿ ನಡೆಯುವುದನ್ನೇ ಬಿಟ್ಟೆ.

ಕಳೆದ ಮಳೆಗಾಲ ಮುಗಿಯುತ್ತಲೇ ನಮ್ಮೂರ ಹತ್ತಿರದ ಆಲೆಟ್ಟಿಯಲ್ಲಿ ಬೇರೊಬ್ಬ ಮೇಸ್ತ್ರಿ ಹಚ್ಚಿದ ಇಂಥದೇ ಕಲ್ಲು ಬಿದ್ದು ಅಂಗಳದಲ್ಲಿದ್ದ ಸ್ಕೂಟರಿನ ಸೀಟು ಹರಿಯಿತು. ಹೋಟೆಲಿನಲ್ಲಿ ಅದನ್ನು ಹೇಳಿಕೊಂಡು ಎಲ್ಲರೂ ನಗುತ್ತಿದ್ದರು. ನಾನು ಚಹಾ ಅರ್ಧಕ್ಕೇ ಬಿಟ್ಟೆ. ಅಲ್ಲಿಂದೆದ್ದು ನೇರ ಪುತ್ತೂರಿನ ಬಸ್ಸು ಹತ್ತಿದೆ.

ಉಮ್ಮ ಅಲ್ಲೇ ಕೂತಿದ್ದರು.

"ಎಂತ ಮೇಸ್ತ್ರಿಗಳೇ, ದಾರಿ ತಪ್ಪಿತಾ?"

"ಉಮ್ಮ, ನೀವು ಮೊದಲು ಅಲ್ಲಿಂದ ಏಳಿ."

"ಬಂದವರನ್ನು ಕೂತ್ಕೊಳ್ಳಿ ಹೇಳುದು ನಾವು. ನೀವು ನನ್ನನ್ನೇ ಏಳಿಸುದಾ?"

ಆದರೂ ಎದ್ದರು. ಮಾತು ಕೇಳಿ ಮಗ ಹೊರಗೆ ಬಂದರು. ನಾನು ಕೊಡೆಯ ಹಿಡಿಯಿಂದ ಕಲ್ಲುಗಳನ್ನು ಒಂದೊಂದಾಗಿ ತಟ್ಟಿದೆ. ಹೆಚ್ಚಿನವು ಖಾಲಿ ಡಬ್ಬಿಯ ಹಾಗೆ ಸದ್ದು ಮಾಡಿದವು. ಆಗ ಎಲ್ಲವನ್ನೂ ಹೇಳಿಬಿಟ್ಟೆ.

"ಇಷ್ಟು ವರ್ಷ ಎಲ್ಲಿದ್ರಿ ಮಾರಾಯ್ರೆ? ಉಮ್ಮ ದಿನಾ ಕೂರುದು ಇದರ ಅಡಿಯಲ್ಲಿ."

"ತಪ್ಪಾಯಿತು. ಹೆದರಿಕೆಯಲ್ಲಿ ಹೇಳಲಿಲ್ಲ. ನಾನೇ ಇಳಿಸಿ ಕೊಡ್ತೇನೆ."

ಅವರ ಮುಖ ಕೆಂಪಾಗಿತ್ತು. ಉಮ್ಮ ನಡುವೆ ಬಾಯಿ ಹಾಕಿದರು. "ಬೈಯುದಾದ್ರೆ ಕಲ್ಲು ಇಳಿಸಿದ ಮೇಲೆ ಬೈ. ಈಗಲೇ ಬೈದ್ರೆ ಮೇಸ್ತ್ರಿಗಳು ಓಡಿಯಾರು, ಮತ್ತೆ ಮೇಲೆ ಹತ್ತುದು ನೀನಾ?"

ಮರುದಿನ ಗೋಡೆಗೆ ತಾಗಿ ಹತ್ತಿ ನಿಲ್ಲಲು ಅಟ್ಟ ಕಟ್ಟಿದೆವು. ಉಳಿಯ ತುದಿ ತಾಗಿಸಿದರೆ ಸಾಕು, ಕಲ್ಲು ಕೈಗೇ ಬರುತ್ತಿತ್ತು. ಪ್ರತಿಯೊಂದರ ಬೆನ್ನಿಗೂ ತಿಳಿಹಸಿರು ಬಣ್ಣ ಸಿಪ್ಪೆಯ ಹಾಗೆ ಅಂಟಿಕೊಂಡಿತ್ತು. ಕೊನೆಯದನ್ನು ಕೆಳಗೆ ಕೊಟ್ಟೆ. ಅಟ್ಟದ ಮೇಲೆಯೇ ಸ್ವಲ್ಪ ಹೊತ್ತು ಕೂತೆ. ಅಷ್ಟು ಹಗುರಾಗಿ ಉಸಿರಾಡಿ ಎಷ್ಟು ಕಾಲವಾಗಿತ್ತೋ.

ಅಂಗಳದಲ್ಲಿ ರಾಶಿ ಬಿದ್ದ ಕಲ್ಲುಗಳನ್ನು ಎಂತ ಮಾಡುವುದೆಂದು ಮಗ ಕೇಳಿದರು.

"ಬಟ್ಟೆ ಒಗೆಯುವಲ್ಲಿ ನೆಲಕ್ಕೆ ಹಾಕಿಸು," ಎಂದರು ಉಮ್ಮ. "ಕಾಲಿನ ಅಡಿಯಲ್ಲಿದ್ದರೆ ಎಲ್ಲಿಗೆ ಬೀಳುದು?"

ಅದೇ ವಾರ ಹಾಸಿಕೊಟ್ಟೆ. ಈ ಸಲ ಕಲ್ಲಿನ ಬೆನ್ನಿನ ಬಣ್ಣವನ್ನೆಲ್ಲ ಉಜ್ಜಿ ತೆಗೆದು.