ತೆರೆದ ನಾಣ್ಯದ ಮೇಲೆ ಮಾತು

ನಮ್ಮ ಸೋದರಮಾವನ ಕೆಲಸ ಹೊಸ ನಾಣ್ಯಗಳಿಗೆ ಅಂಕ ಕೊಡುವುದು. ಮಣ್ಣಿನಡಿ ಸಿಕ್ಕ ರಾಜರ ಕಾಲದ ನಾಣ್ಯಗಳಲ್ಲ. ಟಂಕಸಾಲೆಯಿಂದ ನಿನ್ನೆ ಮೊನ್ನೆ ಹೊರಬಂದು, ಪೇಟೆಯ ಮುಖ ನೋಡದೆ, ಒಂದು ಸೂಜಿಯನ್ನೂ ಕೊಳ್ಳದೆ ನೇರವಾಗಿ ಸಂಗ್ರಾಹಕರ ಕಪಾಟು ಸೇರುವ ಬೆಳ್ಳಿ ನಾಣ್ಯಗಳು. ಪೂರ್ತಿ ಅಂಕ ಎಪ್ಪತ್ತು. ನೂರು ಯಾಕಲ್ಲ ಎಂದು ಕೇಳಿದರೆ, "ನೂರಕ್ಕೆ ನೂರು ಮಕ್ಕಳು ತಗೋತಾರೆ. ಲೋಹಕ್ಕೆ ಅಷ್ಟೊಂದು ಟ್ಯೂಷನ್ ಇರಲ್ಲ" ಎನ್ನುತ್ತಿದ್ದರು.

ಎಪ್ಪತ್ತು ಬಂದ ನಾಣ್ಯಕ್ಕೆ ಒಂದು ಬೆಲೆ. ಅರವತ್ತೊಂಬತ್ತಕ್ಕೆ ಅದರ ಅರ್ಧವೂ ಇಲ್ಲ. ನಡುವೆ ಇರುವುದು ಭೂತಗನ್ನಡಿಗೆ ಮಾತ್ರ ಕಾಣುವ ಒಂದು ಗೀರು. ಕೊಂಡವನ ಬರಿಗಣ್ಣಿಗೆ ಅದು ಜನ್ಮದಲ್ಲಿ ಬೀಳದು. ಕಾಣದ್ದಕ್ಕೆ ಜನ ಹೆಚ್ಚು ಹಣ ಕೊಡುತ್ತಾರೆ ಎಂಬುದು ಮಾವನಿಗೆ ಕೊನೆತನಕ ಸೋಜಿಗ.

ಅವರ ಕೋಣೆಗೆ ಹಗಲಿರಲಿಲ್ಲ. ದಪ್ಪ ಪರದೆ, ಮೇಜಿಗೊಂದು ದೀಪ, ದೀಪದಡಿ ಕಪ್ಪು ಬಟ್ಟೆ. ಧೂಳೇಳುತ್ತದೆಂದು ಫ್ಯಾನೂ ಇಲ್ಲ. ಮಾವ ನಾಣ್ಯದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಓಲಾಡಿಸುವರು. ಬೆಳಕು ಕನ್ನಡಿಯಂಥ ಬೆಳ್ಳಿಯ ಮೇಲೆ ಮೀನಿನ ಹಾಗೆ ಈಜಿ, ದಡ ಮುಟ್ಟಿ, ಹಿಂದಿರುಗಿ ಬರುವುದು. ಎಷ್ಟೋ ಸಲ ಅಂಕ ಬರೆಯುವುದನ್ನು ಮರೆತು ಅವರೂ ಆ ನೀರಿಗಿಳಿದುಬಿಡುತ್ತಿದ್ದರು.

ಅಲ್ಲಿ ಇದ್ದದ್ದು ಒಂದೇ ಕಟ್ಟುನಿಟ್ಟು: ತೆರೆದ ನಾಣ್ಯದ, ಅಂದರೆ ಇನ್ನೂ ಡಬ್ಬಿ ಸೇರದ ನಾಣ್ಯದ ಮೇಲೆ ಮಾತಾಡಬಾರದು. ಮಾತಿನ ಜೊತೆ ಎಂಜಲಿನ ಕಣ ಹಾರುತ್ತದೆ. ಇವತ್ತು ಅದು ಏನೂ ಅಲ್ಲ. ಡಬ್ಬಿಯೊಳಗೆ ತಿಂಗಳುಗಟ್ಟಲೆ ಕೂತರೆ ಕಂದು ಚುಕ್ಕೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವ ಗಾದೆಗೆ ಸಂಬಳ ಕೊಡುತ್ತಿದ್ದ ಆಫೀಸು ಬಹುಶಃ ಅದೊಂದೇ. ತಡೆಯಲಾರದೆ ಮಾತು ಬಂದರೆ ಕತ್ತನ್ನು ಎಡ ಹೆಗಲಿಗೆ ತಿರುಗಿಸಿ ಆಡಬೇಕು. ಮಾವನಿಗೆ ಇದು ಎಷ್ಟು ಒಗ್ಗಿತ್ತೆಂದರೆ ಮನೆಯಲ್ಲಿ ಉಪ್ಪು ಬೇಕಾದರೂ ಗೋಡೆಯನ್ನೇ ಕೇಳುತ್ತಿದ್ದರು. "ಗೋಡೆ ಬಡಿಸಲ್ಲ ಅಣ್ಣ, ನಾನೇ ಬಡಿಸ್ಬೇಕು" ಎಂದು ಅಮ್ಮ ರೇಗುತ್ತಿದ್ದಳು.

ಆಫೀಸಿನಲ್ಲಿ ಎಡಕ್ಕೆ ಗೋಡೆ ಇರಲಿಲ್ಲ. ಡಬ್ಬಿ ಮೇಡಂ ಇದ್ದರು. ಅಂಕ ಬಿದ್ದ ನಾಣ್ಯವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ, ಚೀಟಿ ಇಟ್ಟು, ಯಂತ್ರದಲ್ಲಿ ಒತ್ತಿ ಮುಚ್ಚುವುದು ಅವರ ಕೆಲಸ. ಹಾಗಾಗಿ ಮಾವ ಆ ಕೋಣೆಯಲ್ಲಿ ಆಡಿದ ಮಾತೆಲ್ಲ ಅವರ ಪಾಲಿಗೇ ಬಿತ್ತು.

"ದೀಪ ಮಿಣುಕ್ತಿದೆ."

"ದೀಪ ಸರಿಯಾಗಿದೆ. ನೀವು ತೂಕಡಿಸ್ತಿದ್ದೀರ."

ದಿನಕ್ಕೆ ಇಷ್ಟೇ. ಮನೆಗೆ ಬಂದು ಮಾವ ಅದನ್ನೇ ಅಮ್ಮನಿಗೆ ವರದಿ ಒಪ್ಪಿಸುವರು. ಅಮ್ಮ ಎಷ್ಟೋ ಹೆಣ್ಣು ತೋರಿಸಿದ್ದಳು. ಮಾವ ಎಲ್ಲರಿಗೂ ಅರವತ್ತೆಂಟು ಕೊಟ್ಟು ಕಳಿಸಿದ್ದರು. ಆದರೆ ಒಂದು ಸಂಜೆ ಅವರು ಎದುರಿದ್ದ ತಟ್ಟೆ ಮುಟ್ಟಲಿಲ್ಲ.

"ಡಬ್ಬಿ ಮೇಡಂ ಕೆಲಸ ಬಿಡ್ತಾರಂತೆ. ಅವರಕ್ಕನ ಊರಲ್ಲಿ ನಾಣ್ಯದ ಅಂಗಡಿ ಇಡ್ತಾರಂತೆ."

"ಯಾವಾಗ?"

"ನಾಳೆಯೇ ಕೊನೆ."

ಅಮ್ಮ ಸೌಟು ಕೆಳಗಿಟ್ಟಳು. "ಹೋಗಬೇಡಿ ಅಂತ ಹೇಳು. ಒಂದೇ ಮಾತು. ಅದನ್ನೂ ಹೇಳ್ದೇ ಬಂದ್ರೆ ನನ್ನ ಹತ್ರ ಅವರ ಸುದ್ದಿ ಎತ್ತಬೇಡ, ಕೇಳೋ ಶಕ್ತಿ ನನಗಿಲ್ಲ."

ಮರುದಿನ ಮಾವ ಬೆಳಗಿನಿಂದ ಆ ಒಂದು ಮಾತನ್ನು ಗಂಟಲಲ್ಲಿಟ್ಟುಕೊಂಡು ಕೂತರು. ಸಂಜೆಯ ಕೊನೆಯ ನಾಣ್ಯದಲ್ಲಿ ಕೊಕ್ಕರೆಯೊಂದು ಕೆರೆಯ ಮೇಲೆ ಹಾರುತ್ತಿತ್ತು. ಗೀರಿಲ್ಲ, ಚುಕ್ಕೆಯಿಲ್ಲ. ಎಪ್ಪತ್ತು ಎಂದು ಬರೆದೂ ಆಯಿತು. ಆದರೂ ಕೆಳಗಿಡಲು ಮನಸ್ಸಾಗದೆ ಹಿಡಿದೇ ಇದ್ದರು.

"ಕೊಡಿ. ಅದನ್ನ ಮುಚ್ಚಿ ಹೊರಡ್ತೀನಿ" ಎಂದರು ಮೇಡಂ.

"ಹೋಗಬೇಡಿ" ಎಂದರು ಮಾವ.

ಕತ್ತು ತಿರುಗಿಸುವುದು ಮರೆತಿತ್ತು. ಹೇಳಿದ್ದು ನೇರವಾಗಿ ಕೊಕ್ಕರೆಗೆ. ಅದರ ರೆಕ್ಕೆಯ ಮೇಲೆ ಸಾಸಿವೆಯ ಸಾವಿರದಲ್ಲೊಂದು ಪಾಲಿನಷ್ಟು ತೇವ ಮಿನುಗಿತು.

ಮೇಡಂ ನೋಡಿದರು. ಏನೂ ಅನ್ನಲಿಲ್ಲ. ಅನ್ನುವಂತೆಯೂ ಇರಲಿಲ್ಲ, ತೆರೆದ ನಾಣ್ಯ ಈಗ ಅವರ ಮುಖದೆದುರಿಗೇ ಬಂದಿತ್ತಲ್ಲ. ತುಟಿ ಬಿಗಿದು ಅದನ್ನು ತೆಗೆದುಕೊಂಡರು. ಧೂಳು ಹೋಗಲೆಂದು ರಬ್ಬರ್ ಉಂಡೆ ಒತ್ತಿ ಡಬ್ಬಿಗೆ ಗಾಳಿ ಊದಿದರು. ನಾಣ್ಯವನ್ನು ಕೂರಿಸಿ, ಕೊಕ್ಕರೆ ಓರೆಯಾಯಿತೆಂದು ಮತ್ತೆ ಎತ್ತಿ ನೇರ ಮಾಡಿದರು. ಅಷ್ಟು ಹೊತ್ತೂ ಮಾವನಿಗೆ ಕೋಣೆಯೇ ಕೆರೆಯಾಗಿ, ದೀಪಗಳೆಲ್ಲ ನೀರಡಿಯಲ್ಲಿ ಉರಿದಂತೆ ಕಂಡಿತು. ಕೊನೆಗೆ ಮುಚ್ಚಳ ಟಕ್ಕೆಂದಿತು.

"ಯಾರಿಗೆ ಹೇಳಿದ್ದು? ನನಗೋ, ಕೊಕ್ಕರೆಗೋ?"

"ನಿಮಗೆ."

"ತಿರುಗಿ ಹೇಳಬಾರದಾಗಿತ್ತಾ?"

"ಅವಸರದಲ್ಲಿ ಮರೆತೆ."

"ಇಷ್ಟು ವರ್ಷ ಇಲ್ಲದ ಅವಸರ." ಅವರು ಬ್ಯಾಗು ಹೆಗಲಿಗೆ ಹಾಕಿದರು. "ಟಿಕೆಟ್ ಆಗಿದೆ, ಅಂಗಡಿಗೆ ಅಡ್ವಾನ್ಸ್ ಕೊಟ್ಟಾಗಿದೆ. ನಾನಂತೂ ಹೋಗೋಳೇ." ಬಾಗಿಲವರೆಗೆ ನಡೆದು ನಿಂತರು. "ಗಿರಾಕಿ ಮುಖ ನೋಡಿ ಬೆಲೆ ಹೇಳೋಕೆ ನನಗೆ ಬರುತ್ತೆ. ನಾಣ್ಯದ ಮುಖ ನೋಡಿ ಅಂಕ ಹೇಳೋರು ಅಲ್ಲಿ ಯಾರೂ ಇಲ್ಲ. ರೈಲು ಐದೂವರೆಗೆ."

ಮಾವ ಮ್ಯಾನೇಜರರ ಬಳಿ ಹೋಗಿ ನಾಣ್ಯದ ಮೇಲೆ ಮಾತಾಡಿದ್ದನ್ನು ಒಪ್ಪಿಕೊಂಡರು. ಕೆಡಿಸಿದವನು ಎಪ್ಪತ್ತರ ಬೆಲೆ ಕೊಟ್ಟು ತಾನೇ ಕೊಳ್ಳಬೇಕೆಂಬುದು ಅಲ್ಲಿನ ನಿಯಮ. ತಿಂಗಳ ಸಂಬಳ ಅದಕ್ಕೇ ಹೋಯಿತು.

"ಒಂದು ಮಾತಿಗೆ ಇಷ್ಟು ತೆತ್ತವರನ್ನ ನಾನು ನೋಡಿಲ್ಲ" ಎಂದರು ಮ್ಯಾನೇಜರು.

"ನನಗೂ ಇದು ಹೊಸದು ಸಾರ್. ಇನ್ನೊಂದು ವಿಷಯ, ನಾಳೆಯಿಂದ ನಾನೂ ಬರಲ್ಲ."

ರೈಲಿನಲ್ಲಿ ಇಬ್ಬರಿಗೂ ಕಿಟಕಿ ಪಕ್ಕ ಎದುರುಬದುರು ಸೀಟು ಸಿಕ್ಕಿತು. ನಾಣ್ಯದ ಮೇಲಿನ ರಾಣಿಯರನ್ನು ನೋಡಿದ ಹಾಗೆ ಮಾವ ಅಷ್ಟು ವರ್ಷವೂ ಅವರ ಒಂದೇ ಕೆನ್ನೆ, ಒಂದೇ ಕಿವಿ, ಅರ್ಧ ನಗು ನೋಡಿದ್ದರು. ಈಗ ಪೂರ್ತಿ ಮುಖ ಎದುರಿಗಿತ್ತು. ಸಂಜೆಯ ಹೊಲಗಳು ಅದರ ಮೇಲೆ ಬೆಳಕಾಗಿ, ನೆರಳಾಗಿ ಜಾರಿಹೋಗುತ್ತಿದ್ದವು.

"ಏನು ಹಾಗೆ ನೋಡ್ತೀರ?"

"ಇನ್ನೊಂದು ಕೆನ್ನೆ."

"ಅದೂ ಮೊದಲಿಂದ ಇತ್ತು" ಎಂದು ಅವರು ಮಾವನಿಗೆ ಕಾಲು ಚಾಚಲು ಜಾಗ ಬಿಟ್ಟು ಸರಿದು ಕೂತರು.